ಎರಡು ಗಂಟೆಯೊಳಗೆ ಒಂದು ಆಪರೇಷನ್

ಅಡಿಕೆ ಮರದಿಂದ ಬಿದ್ದವರನ್ನು ಎಲ್ಲಿಗೆ ಕರ್ಕೊಂಡು ಹೋಗ್ತಾರೆ? ತರೀಕೆರೆ ಕಡೆಯ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಮ್ಮಿ ಒಂದೇ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ‘ಶಿವಮೊಗ್ಗಕ್ಕೆ ಬರ್ದುಕೊಟ್ರು’. ನಮ್ಮ ಕನ್ನಡ ಸಂಘದಲ್ಲಿ ತರೀಕೆರೆ, ಅಜ್ಜಂಪುರ, ಕಡೂರು ಕಡೆಯವರು ನಾಲ್ಕೈದು ಜನ ಇದ್ದೀವಿ. ನಮ್ಮೆಲ್ಲರ ಮನೆಗಳಲ್ಲೂ ಈ ‘ಬರ್ದುಕೊಟ್ರು’ ಅನ್ನೋ ಮಾತು ಒಂದಲ್ಲ ಒಂದು ಸಲ ಬಂದುಹೋಗಿದೆ. ಕೆಲವು ಸಲ ಅದು ಮಂಗಳೂರು ಅಥವಾ ಬೆಂಗಳೂರು ಆಗುತ್ತೆ, ಅಷ್ಟೇ ವ್ಯತ್ಯಾಸ.

ತರೀಕೆರೆಯಿಂದ ಶಿವಮೊಗ್ಗ ದೂರವೇನಲ್ಲ. ಭದ್ರಾವತಿ ದಾಟಿಕೊಂಡು 40 ಚಿಲ್ಲರೆ ಕಿಲೋಮೀಟರ್, ಹೈವೇ ಇದೆ, ರೈಲೂ ಇದೆ. ಆದರೆ ಮರದಿಂದ ಬಿದ್ದವನು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿರೋದಿಲ್ಲವಲ್ಲ. ಅವನು ಲಿಂಗದಹಳ್ಳಿ ಆಚೆಯ ತೋಟದಲ್ಲೋ, ಲಕ್ಕವಳ್ಳಿ ಹಿಂದಿನ ಹಳ್ಳಿಯಲ್ಲೋ ಬಿದ್ದಿರ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಹತ್ತಿದಾಗ ಮರ ಜಾರುತ್ತೆ, ಕೊಯ್ಲಿನ ಹೊತ್ತಿಗೆ ಕೆಲಸದ ಅವಸರ ಇರುತ್ತೆ. ಕಾಲಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿದ್ದರೆ ಅದನ್ನು ಓಪನ್ ಫ್ರ್ಯಾಕ್ಚರ್ ಅಂತಾರೆ. ಗಾಯದೊಳಗೆ ಮಣ್ಣು, ಅಡಿಕೆ ಸೋಗೆಯ ಚೂರು ಎಲ್ಲಾ ಸೇರಿರುತ್ತೆ. ಅಲ್ಲಿಂದ ಗಡಿಯಾರ ಓಡೋಕೆ ಶುರು. ಬೇಗ ತೊಳೆದು, ಆಂಟಿಬಯಾಟಿಕ್ ಕೊಟ್ಟು, ಮೂಳೆಯನ್ನು ಅಲುಗಾಡದ ಹಾಗೆ ನಿಲ್ಲಿಸಿದರೆ ಕಾಲು ಉಳಿಯುತ್ತೆ. ತಡವಾದಷ್ಟೂ ಸೋಂಕು ಮೂಳೆಗೆ ಇಳಿಯುತ್ತೆ.

ಈ ಗಡಿಯಾರಕ್ಕೆ ಒಂದು ಅಧಿಕೃತ ಸಂಖ್ಯೆ ಇದೆ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಸುಮಾರು 500 ಕೋಟಿ ಜನಕ್ಕೆ, ಬೇಕಾದಾಗ ಸುರಕ್ಷಿತವಾಗಿ, ಕೈಗೆಟುಕುವ ಖರ್ಚಿನಲ್ಲಿ ಆಪರೇಷನ್ ಮಾಡಿಸಿಕೊಳ್ಳುವ ದಾರಿ ಇಲ್ಲ ಅಂತ ಅದು ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು 31.3 ಕೋಟಿ ಆಪರೇಷನ್ ನಡೆಯುತ್ತವೆ, ಅದರಲ್ಲಿ ಅತಿ ಬಡ ದೇಶಗಳ ಪಾಲು ಬರೀ 6%. ಆದರೆ ಜಗತ್ತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಇರೋದು ಅಲ್ಲೇ. ಇನ್ನೂ 14.3 ಕೋಟಿ ಆಪರೇಷನ್ ಪ್ರತಿ ವರ್ಷ ಆಗಬೇಕಿದೆ, ಆಗ್ತಿಲ್ಲ. ಮಲೇರಿಯಾ, ಟಿಬಿ, ಎಚ್‌ಐವಿ ಬಗ್ಗೆ ನಾವು ಶಾಲೆಯಲ್ಲಿ ಪೋಸ್ಟರ್ ಬರೆದಿದ್ದೀವಿ. ಆ ಮೂರೂ ಸೇರಿ ಆಗುವ ಸಾವಿಗಿಂತ ಆಪರೇಷನ್ ಬೇಕಿದ್ದ ಕಾಯಿಲೆಗಳಿಂದ ಆಗುವ ಸಾವೇ ಹೆಚ್ಚು. ಅದಕ್ಕೆ ಪೋಸ್ಟರ್ ಬರೆಸಿದ ಮೇಷ್ಟ್ರು ನಮಗಂತೂ ಯಾರೂ ಸಿಗಲಿಲ್ಲ.

ಆಯೋಗ ಹೇಳಿದ ಅಳತೆಗೋಲು ನಮಗೆ ಇಷ್ಟವಾಗಿದ್ದು ಅದರ ಸರಳತೆಗೆ. ಒಂದು ಊರಿನ ಶಸ್ತ್ರಚಿಕಿತ್ಸಾ ವ್ಯವಸ್ಥೆ ಹೇಗಿದೆ ಅಂತ ತಿಳಿಯೋಕೆ ನೂರು ಆಪರೇಷನ್ ಲೆಕ್ಕ ಹಾಕಬೇಕಿಲ್ಲ, ಮೂರು ಸಾಕು. ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಲ್ಯಾಪರಾಟಮಿ, ಮತ್ತೆ ಓಪನ್ ಫ್ರ್ಯಾಕ್ಚರ್ ಚಿಕಿತ್ಸೆ. ಈ ಮೂರೂ ಎರಡು ಗಂಟೆ ಪ್ರಯಾಣದೊಳಗೆ ಸಿಗಬೇಕು. ಇವಕ್ಕೆ ಬೆಲ್‌ವೆದರ್ ಆಪರೇಷನ್ ಅಂತ ಹೆಸರು. ಬೆಲ್‌ವೆದರ್ ಅಂದ್ರೆ ಕೊರಳಿಗೆ ಗಂಟೆ ಕಟ್ಟಿದ ಟಗರು. ಅಜ್ಜಂಪುರ ಅಂದ ಕೂಡಲೇ ಅಮೃತಮಹಲ್ ದನ ನೆನಪಾಗುತ್ತೆ, ಆದರೆ ಆ ಕಡೂರು-ಅಜ್ಜಂಪುರದ ಬಯಲಿನಲ್ಲಿ ಕುರಿ ಮಂದೆಗೂ ಕಮ್ಮಿ ಇಲ್ಲ. ಮುಂದಿನ ಟಗರಿನ ಗಂಟೆ ಎಲ್ಲಿ ಕೇಳಿಸುತ್ತೋ ಮಂದೆ ಅಲ್ಲೇ ಇದೆ ಅಂತ ಕುರಿ ಕಾಯುವವರಿಗೆ ಗೊತ್ತು. ಹಾಗೇ ಈ ಮೂರು ಆಪರೇಷನ್ ಆಗ್ತಿರೋ ಆಸ್ಪತ್ರೆಯಲ್ಲಿ ಉಳಿದವೂ ಆಗ್ತಿರುತ್ತವೆ.

ಯಾಕೆ? ಸಿಸೇರಿಯನ್ ರಾತ್ರಿ ಎರಡು ಗಂಟೆಗೂ ಬರುತ್ತೆ. ಅದಕ್ಕೆ ಸರ್ಜನ್ ಒಬ್ಬರೇ ಇದ್ದರೆ ಸಾಲದು. ಅರಿವಳಿಕೆ ಕೊಡುವವರು ಬೇಕು, ರಕ್ತ ಬೇಕು, ಹೊಂದುವ ರಕ್ತವೋ ಅಲ್ಲವೋ ನೋಡುವ ಲ್ಯಾಬ್ ಬೇಕು, ಆಮ್ಲಜನಕ ಬೇಕು, ಆಟೋಕ್ಲೇವ್ ಕೆಲಸ ಮಾಡ್ತಿರಬೇಕು, ಕರೆಂಟ್ ಹೋದರೆ ಜನರೇಟರ್‌ಗೆ ಡೀಸೆಲ್ ಇರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಸೀರೀಸ್ ಸರ್ಕ್ಯೂಟ್. ಒಂದು ಕಡೆ ಓಪನ್ ಆದರೆ ಬಲ್ಬ್ ಉರಿಯಲ್ಲ, ಸರ್ಜನ್ ಎಷ್ಟೇ ದೊಡ್ಡ ಚಿನ್ನದ ಪದಕದವರಾಗಿರಲಿ.

ಕರ್ನಾಟಕಕ್ಕೆ ಈ ಸಮಸ್ಯೆ ಹೊಸದಲ್ಲ. ಇದಕ್ಕೆ ನಮ್ಮವರೇ ಒಬ್ಬರು ಬೇರೆ ಥರದ ಉತ್ತರ ಕೊಟ್ಟಿದ್ದರು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ. ನಿಮ್ಮ ಅಜ್ಜ-ಅಜ್ಜಿಯನ್ನು ಕೇಳಿ ನೋಡಿ, ‘ಕಣ್ಣಿನ ಡಾಕ್ಟ್ರು ಮೋದಿ’ ಅಂದರೆ ಅವರ ಕಾಲದವರಿಗೆ ಗೊತ್ತಿರುತ್ತೆ. ರೋಗಿ ಆಸ್ಪತ್ರೆಗೆ ಬರೋಕಾಗದಿದ್ದರೆ ಆಪರೇಷನ್ ಥಿಯೇಟರೇ ಊರಿಗೆ ಹೋಗಲಿ ಅನ್ನೋದು ಅವರ ಲೆಕ್ಕ. 1943ರಿಂದ ಊರೂರಿಗೆ ಹೋಗಿ ಕಣ್ಣಿನ ಪೊರೆ ತೆಗೆಯುವ ಶಿಬಿರ ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಒಂದೇ ದಿನದಲ್ಲಿ 833 ಪೊರೆ ಆಪರೇಷನ್ ಮಾಡಿದ ಅವರ ದಾಖಲೆ ಗಿನ್ನಿಸ್ ಪುಸ್ತಕದಲ್ಲಿದೆ. ಅದೇ ಪುಸ್ತಕದ ಪ್ರಕಾರ 1993ರ ಹೊತ್ತಿಗೆ ಅವರ ಒಟ್ಟು ಆಪರೇಷನ್ 6 ಲಕ್ಷ ದಾಟಿತ್ತು.

833 ಅಂದರೆ ಕ್ಯಾಲ್ಕುಲೇಟರ್ ತೆಗೀರಿ. 24 ಗಂಟೆ ಕಣ್ಣು ಮುಚ್ಚದೆ ಮಾಡಿದರೂ ಒಂದಕ್ಕೆ ಎರಡು ನಿಮಿಷಕ್ಕೂ ಕಮ್ಮಿ. ಒಬ್ಬ ಮನುಷ್ಯನ ಕೈಚಳಕದಿಂದ ಮಾತ್ರ ಇದು ಆಗೋ ಕೆಲಸ ಅಲ್ಲ. ಕಣ್ಣು ತೊಳೆಯೋದು, ಮರಗಟ್ಟಿಸೋದು, ಪಟ್ಟಿ ಕಟ್ಟೋದು ಎಲ್ಲ ಬೇರೆಯವರ ಕೈಯಲ್ಲಿ ಮುಂಚಿತವಾಗಿ ನಡೆದು, ಡಾಕ್ಟ್ರು ಬರೀ ಡಾಕ್ಟ್ರೇ ಮಾಡಬೇಕಾದ ಕೆಲಸ ಮಾಡಿ ಮುಂದಿನ ಟೇಬಲ್ಲಿಗೆ ಹೋದರೆ ಮಾತ್ರ ಸಾಧ್ಯ. ನಮ್ಮ ಮೆಕ್ಯಾನಿಕಲ್ ಬ್ರ್ಯಾಂಚಿನವರು ಇದನ್ನು ಅಸೆಂಬ್ಲಿ ಲೈನ್ ಅಂತಾರೆ. 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಯಿಂದ ಶುರುವಾದ ಅರವಿಂದ್ ಕಣ್ಣಾಸ್ಪತ್ರೆ ಇದೇ ಥರದ ಯೋಚನೆಯನ್ನು ಶಾಶ್ವತ ಕಟ್ಟಡದೊಳಗೆ ತಂದು ಜಗತ್ಪ್ರಸಿದ್ಧವಾಯಿತು. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಅರವಿಂದ್ ಸಿಗುತ್ತೆ, ಬೀಳಗಿಯ ಡಾಕ್ಟ್ರು ಸಿಗೋದು ಕಮ್ಮಿ. ಇದು ನಮಗೆ ಸ್ವಲ್ಪ ಬೇಜಾರಿನ ವಿಷಯವೇ.

ಆದರೆ ಊರಿನ ಶಾಲೆ, ಛತ್ರದಲ್ಲಿ ಆಪರೇಷನ್ ಮಾಡುವ ಶಿಬಿರಗಳು ನಿಂತುಹೋಗಿದ್ದಕ್ಕೆ ಗಟ್ಟಿ ಕಾರಣ ಇದೆ. ಆಗ ಪೊರೆ ಜೊತೆಗೆ ಇಡೀ ಲೆನ್ಸ್ ತೆಗೆದು ಬಿಡ್ತಿದ್ದರು, ಆಮೇಲೆ ಸೋಡಾಬುಡ್ಡಿ ಕನ್ನಡಕ. ಆ ದಪ್ಪ ಕನ್ನಡಕದ ಅಜ್ಜಿಯರನ್ನು ಹಳೇ ಫೋಟೋಗಳಲ್ಲಿ ನೋಡಿರ್ತೀರಿ. ಈಗ ಕಣ್ಣೊಳಗೇ ಕೃತಕ ಲೆನ್ಸ್ ಕೂರಿಸ್ತಾರೆ. ಅದಕ್ಕೆ ಮೈಕ್ರೋಸ್ಕೋಪ್ ಬೇಕು, ಕಣ್ಣಿನ ಅಳತೆ ತೆಗೆಯುವ ಯಂತ್ರ ಬೇಕು, ಕಟ್ಟುನಿಟ್ಟಾದ ಸ್ಟೆರೈಲ್ ಕೋಣೆ ಬೇಕು. ಶಾಲೆಯ ಬೆಂಚಿನ ಮೇಲೆ ಅದು ಆಗಲ್ಲ. ಹಾಗಾಗಿ 1990ರ ದಶಕದಿಂದ ಹಳ್ಳಿಯಲ್ಲಿ ತಪಾಸಣೆ ಮಾತ್ರ, ಆಪರೇಷನ್ನಿಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಅನ್ನೋ ಪದ್ಧತಿ ಬಂತು. ಇನ್ನೊಂದು ಮಾತು. ಪೊರೆ ಕಾಯುತ್ತೆ, ಶಿಬಿರದ ದಿನಾಂಕ ಗೊತ್ತುಮಾಡಿ ಬ್ಯಾನರ್ ಕಟ್ಟಬಹುದು. ಅಡ್ಡ ನಿಂತ ಮಗು, ಒಡೆದ ಅಪೆಂಡಿಕ್ಸ್, ಮುರಿದ ಕಾಲು ಬ್ಯಾನರ್ ನೋಡಿಕೊಂಡು ಬರಲ್ಲ. ಅವಕ್ಕೆ ವರ್ಷದ 365 ದಿನವೂ ಹತ್ತಿರದಲ್ಲೇ ಇರುವ, ಎಚ್ಚರವಿರುವ ಥಿಯೇಟರ್ರೇ ಆಗಬೇಕು.

ಎರಡು ಗಂಟೆ ಎಲ್ಲಿ ಕಳೆದುಹೋಗುತ್ತೆ ಅಂತ ನೋಡೋಣ. ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡುವವರು 1994ರಿಂದ ಮೂರು ವಿಳಂಬಗಳು ಅನ್ನೋ ಮಾದರಿ ಬಳಸ್ತಾರೆ. ಹೋಗೋಣ ಅಂತ ತೀರ್ಮಾನ ಮಾಡೋದರಲ್ಲಿ ಒಂದು, ಹೋಗಿ ತಲುಪೋದರಲ್ಲಿ ಒಂದು, ತಲುಪಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ಒಂದು. ಎರಡನೆಯದಕ್ಕೆ ನಮ್ಮಲ್ಲಿ 2008ರ ನವೆಂಬರ್‌ನಿಂದ 108 ಇದೆ. ಅದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ, ನಾವು ಅದಕ್ಕೆ ಹೋಗಲ್ಲ.

ಮೊದಲನೇ ವಿಳಂಬದ ಹೆಸರು ಬಹುತೇಕ ‘ದುಡ್ಡು’. ‘ನಾಳೆ ಬೆಳಿಗ್ಗೆವರೆಗೂ ನೋಡೋಣ’ ಅಂತ ಮನೆಯಲ್ಲಿ ಹೇಳಿದರೆ ಅದರ ಅರ್ಥ ಎಷ್ಟೋ ಸಲ ‘ಈಗ ಕೈಯಲ್ಲಿ ದುಡ್ಡಿಲ್ಲ, ಅಡಿಕೆ ಮಂಡಿಯವರನ್ನ ಕೇಳಬೇಕು’ ಅಂತ. ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ ಆಪರೇಷನ್ ಮತ್ತು ಅರಿವಳಿಕೆಯ ಬಿಲ್ಲಿನಿಂದಲೇ ವರ್ಷಕ್ಕೆ 3.3 ಕೋಟಿ ಜನ ಆರ್ಥಿಕವಾಗಿ ನೆಲಕಚ್ಚುತ್ತಾರೆ. ಬಸ್ಸು, ಊಟ, ಉಳಿದುಕೊಳ್ಳುವ ಖರ್ಚು ಸೇರಿಸಿದರೆ ಇನ್ನೂ 4.8 ಕೋಟಿ. ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದು ಅನ್ನೋದು ಗಮನಿಸಿ. ಶಿವಮೊಗ್ಗಕ್ಕೆ ಬರೆದುಕೊಟ್ಟ ಮೇಲೆ ರೋಗಿಯ ಜೊತೆ ಇಬ್ಬರು ಹೋಗಬೇಕು, ಇಬ್ಬರ ಕೂಲಿ ಹೋಯ್ತು, ಮನೆಯಲ್ಲಿ ಹಾಲು ಕರೆಯೋರಿಲ್ಲ. ಇದು ಯಾವ ಬಿಲ್ಲಿನಲ್ಲೂ ಬರಲ್ಲ.

ಈ ವಿಷಯದಲ್ಲಿ ಕರ್ನಾಟಕ ಮಾಡಿದ ಒಂದು ಪ್ರಯೋಗ ಹೊರದೇಶದವರೂ ಬಂದು ಓದಿದ ಪ್ರಯೋಗ. 2003ರಲ್ಲಿ ಶುರುವಾದ ಯಶಸ್ವಿನಿ. ಸಹಕಾರ ಸಂಘದ ಸದಸ್ಯರಾದ ರೈತರು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಿದರೆ 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆ ಸಿಗುವ ಯೋಜನೆ. ಹಾಲಿನ ಡೈರಿ, ಸೊಸೈಟಿಗಳ ಮೂಲಕವೇ ಜನರನ್ನು ಸೇರಿಸಿದ್ದರಿಂದ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಬಂದರು. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿದರು, 2022ರಲ್ಲಿ ಮತ್ತೆ ಬೇರೆಯಾಗಿ ಶುರು ಮಾಡಿದರು. ಇನ್ನೊಂದು, 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ. ಯೋಜನೆ ಬಂದ ಹಳ್ಳಿ ಮತ್ತು ಇನ್ನೂ ಬರದ ಪಕ್ಕದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ 64% ಕಮ್ಮಿ ಇತ್ತು. ದುಡ್ಡಿನ ಚಿಂತೆ ತೆಗೆದರೆ ಜನ ಬೇಗ ಹೊರಡ್ತಾರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾ?

ಹಾಗಾದರೆ ಕಾರ್ಡ್ ಇದೆ, ಆಂಬ್ಯುಲೆನ್ಸ್ ಬಂತು, ಆಸ್ಪತ್ರೆ ತಲುಪಿಯೂ ಆಯ್ತು. ಮೂರನೇ ವಿಳಂಬ ಇಲ್ಲಿಂದ ಶುರು, ಎಂಜಿನಿಯರಿಂಗ್ ಓದುವವರು ಕಿವಿಗೊಡಬೇಕಾದ್ದೂ ಇಲ್ಲಿಂದಲೇ.

ಸಣ್ಣ ಊರುಗಳ ಆಸ್ಪತ್ರೆಯಲ್ಲಿ ಬಹಳ ಸಲ ಇಲ್ಲದಿರುವುದು ಸರ್ಜನ್ ಅಲ್ಲ, ಅರಿವಳಿಕೆ ತಜ್ಞರು. ಸಿನಿಮಾದಲ್ಲಿ ಸರ್ಜನ್ ಹೊರಗೆ ಬಂದು ಮಾಸ್ಕ್ ತೆಗೆದು ಮಾತಾಡ್ತಾರೆ, ಅರಿವಳಿಕೆಯವರು ಫ್ರೇಮಿನಲ್ಲೇ ಇರಲ್ಲ. ಆದರೆ ಎರಡು ಗಂಟೆ ಆಪರೇಷನ್ ನಡೀತಿರುವಾಗ ರೋಗಿಯ ಉಸಿರು, ರಕ್ತದೊತ್ತಡ, ಹೃದಯ ಎಲ್ಲವನ್ನೂ ಹಿಡಿದಿಟ್ಟಿರುವುದು ಅವರು. ಈ ಕೊರತೆಗೆ ಭಾರತ ಸರ್ಕಾರ ಕಂಡುಕೊಂಡ ಒಂದು ದಾರಿ ಎಂದರೆ ಎಂಬಿಬಿಎಸ್ ವೈದ್ಯರಿಗೇ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ. ಎಂಡಿ ಮಾಡೋಕೆ ಮೂರು ವರ್ಷ ಬೇಕು. ಅದನ್ನು 18 ವಾರಕ್ಕೆ ಇಳಿಸಿದರೆ ಹೇಗೆ ಅಂತ ವಾದ ಮಾಡಿದವರು ಇದ್ದಾರೆ. ಗುರಿ ಎಲ್ಲ ಬಗೆಯ ಅರಿವಳಿಕೆ ಅಲ್ಲ, ತುರ್ತು ಹೆರಿಗೆ ಆಪರೇಷನ್ನಿಗೆ ಬೇಕಾದಷ್ಟು. ಪರ್ಯಾಯ ಏನು ಅಂತ ಕೇಳಿದರೆ ಉತ್ತರ ಮತ್ತೆ ‘ಬರ್ದುಕೊಟ್ರು’ ಅಂತಲೇ ಬರೋದರಿಂದ, ನಮಗೆ ಈ ತರಬೇತಿ ಸರಿ ಅನ್ನಿಸುತ್ತೆ. ಆದರೆ ಒಂದು ಷರತ್ತು. ಹಾಗೆ ತರಬೇತಿ ಪಡೆದು ತಾಲ್ಲೂಕಿನಲ್ಲಿ ಒಬ್ಬರೇ ನಿಂತವರ ಕೈಯಲ್ಲಿ ನಂಬಬಹುದಾದ ಉಪಕರಣ ಇರಬೇಕು.

ಆ ಉಪಕರಣಗಳಲ್ಲಿ ಮೊದಲನೆಯದು ಪಲ್ಸ್ ಆಕ್ಸಿಮೀಟರ್. ಕೋವಿಡ್ ಸಮಯದಲ್ಲಿ ಎಲ್ಲರ ಮನೆಗೂ ಬಂದಿತ್ತು, ಬೆರಳಿಗೆ ಬಟ್ಟೆ ಕ್ಲಿಪ್ಪಿನ ಥರ ಹಾಕ್ತಿದ್ದೆವಲ್ಲ ಅದೇ. ಇದರ ಮೂಲ ಉಪಾಯ ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ ಅವರದು, 1970ರ ದಶಕದ್ದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಬಿಟ್ಟುಕೊಡುತ್ತೆ, ಇನ್‌ಫ್ರಾರೆಡ್ ಅನ್ನು ಹೆಚ್ಚು ಹೀರುತ್ತೆ. ಆಮ್ಲಜನಕ ಇಲ್ಲದ್ದು ಅದಕ್ಕೆ ಉಲ್ಟಾ. ಹಾಗಾಗಿ ಒಂದು ಕಡೆಯಿಂದ 660 ಮತ್ತು 940 ನ್ಯಾನೋಮೀಟರಿನ ಎರಡು ಎಲ್‌ಇಡಿ ಸರದಿಯಲ್ಲಿ ಬೆಳಗಿಸಿ, ಬೆರಳಿನ ಆಚೆ ಒಂದು ಫೋಟೋಡಯೋಡ್ ಇಟ್ಟರೆ ರಕ್ತದ ಬಣ್ಣ ಅಳೆಯಬಹುದು. ಸಮಸ್ಯೆ ಏನಂದ್ರೆ ಚರ್ಮ, ಮೂಳೆ, ಉಗುರು, ನರದೊಳಗಿನ ನಿಂತ ರಕ್ತ ಎಲ್ಲವೂ ಬೆಳಕು ಹೀರುತ್ತವೆ. ಅಯೊಯಾಗಿಯವರ ಬುದ್ಧಿ ಓಡಿದ್ದು ಇಲ್ಲಿ. ಇವ್ಯಾವೂ ನಾಡಿ ಬಡಿತದ ಜೊತೆ ಬದಲಾಗಲ್ಲ, ಬದಲಾಗೋದು ಅಪಧಮನಿಯ ರಕ್ತ ಒಂದೇ. ಅಂದರೆ ಸಿಗ್ನಲ್‌ನ ಡಿಸಿ ಭಾಗ ಬಿಟ್ಟು ಎಸಿ ಭಾಗ ಮಾತ್ರ ನೋಡಿದರೆ ಸಾಕು. ಎರಡೂ ಬಣ್ಣಗಳಲ್ಲಿ ಎಸಿಯನ್ನು ಡಿಸಿಯಿಂದ ಭಾಗಿಸಿ, ಆ ಎರಡರ ಅನುಪಾತ ತೆಗೆದರೆ ಮುಗೀತು. ಮೂರನೇ ಸೆಮ್‌ನಲ್ಲಿ ನಾವು ಆಪ್‌ಆಂಪ್ ಇಟ್ಟುಕೊಂಡು ಫಿಲ್ಟರ್ ಮಾಡ್ತೀವಲ್ಲ, ಅದಕ್ಕೆ ಇಷ್ಟು ಅರ್ಥವಿದೆ ಅಂತ ಆ ಲ್ಯಾಬಿನಲ್ಲಿ ಹೇಳಿದ್ದರೆ ಚೆನ್ನಾಗಿರ್ತಿತ್ತು.

ಇದು ಇಲ್ಲದಿದ್ದರೆ ಅರಿವಳಿಕೆ ಕೊಡುವವರು ತುಟಿ ಮತ್ತು ಉಗುರು ನೀಲಿಯಾಗ್ತಿದೆಯಾ ಅಂತ ಕಣ್ಣಿನಲ್ಲಿ ನೋಡಬೇಕು. ಕಣ್ಣಿಗೆ ನೀಲಿ ಕಾಣೋ ಹೊತ್ತಿಗೆ ಆಮ್ಲಜನಕ ಬಹಳ ಕೆಳಗೆ ಹೋಗಿರುತ್ತೆ. ಮಿದುಳಿಗೆ ಇರೋದು ಕೆಲವೇ ನಿಮಿಷ. ಇಂಥ ಸರಳ ಯಂತ್ರ ಜಗತ್ತಿನ ಎಷ್ಟು ಥಿಯೇಟರ್‌ಗಳಲ್ಲಿ ಇಲ್ಲ? 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು 77 ಸಾವಿರಕ್ಕೂ ಹೆಚ್ಚು.

ಮರುವರ್ಷ, 2011ರಲ್ಲಿ, ಈ ಒಂದು ಖಾಲಿ ಜಾಗ ತುಂಬೋಕೆ ಲೈಫ್‌ಬಾಕ್ಸ್ ಅನ್ನೋ ಲಾಭರಹಿತ ಸಂಸ್ಥೆ ಹುಟ್ಟಿತು. ಶುರು ಮಾಡಿದವರಲ್ಲಿ ಮುಖ್ಯರು ಅತುಲ್ ಗವಾಂಡೆ, ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಸರ್ಜನ್ ಮತ್ತು ಲೇಖಕ. ಜೊತೆಗೆ ಅರಿವಳಿಕೆ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಕೈಜೋಡಿಸಿತು. ಅದಕ್ಕೂ ಮುಂಚೆ ಗವಾಂಡೆಯವರ ತಂಡ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ಪುಟದ ಚೆಕ್‌ಲಿಸ್ಟ್ ಮಾಡಿತ್ತು. ರೋಗಿಯ ಹೆಸರೇನು, ಯಾವ ಕಡೆ ಆಪರೇಷನ್, ಆಂಟಿಬಯಾಟಿಕ್ ಕೊಟ್ಟಾಯ್ತಾ, ಹತ್ತಿಯ ಉಂಡೆಗಳ ಲೆಕ್ಕ ಸರಿ ಇದೆಯಾ, ಹೀಗೆ 19 ಪ್ರಶ್ನೆ. ವಿಮಾನದ ಪೈಲಟ್‌ಗಳು ಗಟ್ಟಿಯಾಗಿ ಓದಿ ಟಿಕ್ ಮಾಡ್ತಾರಲ್ಲ, ಆ ರೀತಿ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಆಪರೇಷನ್ ನಂತರದ ಸಾವು 1.5%ರಿಂದ 0.8%ಕ್ಕೆ ಇಳಿಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದ ಬಹಳ ಜನಕ್ಕೆ ನಂಬೋಕಾಗಲಿಲ್ಲ, ಒಂದು ಹಾಳೆಗೆ ಇಷ್ಟು ಶಕ್ತಿಯಾ ಅಂತ. ಆ ಚೆಕ್‌ಲಿಸ್ಟ್‌ನಲ್ಲಿ ಒಂದು ಪ್ರಶ್ನೆ ‘ಪಲ್ಸ್ ಆಕ್ಸಿಮೀಟರ್ ಹಾಕಿದೆಯಾ, ಕೆಲಸ ಮಾಡ್ತಿದೆಯಾ’ ಅನ್ನೋದು. ಯಂತ್ರವೇ ಇಲ್ಲದ ಕಡೆ ಅಲ್ಲಿ ಟಿಕ್ ಹಾಕೋದು ಹೇಗೆ? ಲೈಫ್‌ಬಾಕ್ಸ್ ಬಂದಿದ್ದು ಈ ಪ್ರಶ್ನೆಯಿಂದ.

ಅವರು ಮಾಡಿದ್ದು ಹೊಸ ಆವಿಷ್ಕಾರ ಅಲ್ಲ. ಬಡ ದೇಶದ ಥಿಯೇಟರ್‌ಗೆ ಏನು ಬೇಕು ಅಂತ ಪಟ್ಟಿ ಬರೆದು, ಅದಕ್ಕೆ ತಕ್ಕಂತೆ ಮಾಡಿಸಿಕೊಂಡರು. ಕರೆಂಟ್ ಹೋದರೂ ಗಂಟೆಗಟ್ಟಲೆ ನಡೆಯುವ ಬ್ಯಾಟರಿ, ಗಟ್ಟಿ ಅಲಾರಂ, ಮಕ್ಕಳಿಗೂ ದೊಡ್ಡವರಿಗೂ ಹಾಕಬಹುದಾದ ಪ್ರೋಬ್. ಬೆಲೆ ಸುಮಾರು 250 ಡಾಲರ್, ಆಗ ಮಾರುಕಟ್ಟೆಯಲ್ಲಿದ್ದ ಥಿಯೇಟರ್ ದರ್ಜೆಯವಕ್ಕಿಂತ ಎಷ್ಟೋ ಕಡಿಮೆ. ಮತ್ತೆ ನಮಗೆ ತುಂಬಾ ಹಿಡಿಸಿದ ಒಂದು ಅಂಶ, ಸದ್ದು. ಥಿಯೇಟರ್ ಆಕ್ಸಿಮೀಟರ್ ಪ್ರತಿ ನಾಡಿ ಬಡಿತಕ್ಕೂ ಒಂದು ಬೀಪ್ ಕೊಡುತ್ತೆ. ಆಮ್ಲಜನಕ ಇಳಿದಂತೆ ಬೀಪಿನ ಶ್ರುತಿಯೂ ಇಳಿಯುತ್ತೆ. ಅರಿವಳಿಕೆಯವರ ಕಣ್ಣು ಸಿರಿಂಜಿನ ಮೇಲಿರಬಹುದು, ಕಿವಿ ಮಾತ್ರ ಕಾಯ್ತಿರುತ್ತೆ. ಸಾ ಪಕ್ಕದಿಂದ ನಿ ಕಡೆಗೆ ಜಾರಿದರೂ ತಲೆ ಎತ್ತುತ್ತಾರೆ. ಮನೆಯ ಕ್ಲಿಪ್ ಆಕ್ಸಿಮೀಟರ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ. ಜೊತೆಗೆ, ಲೈಫ್‌ಬಾಕ್ಸ್ ಪೆಟ್ಟಿಗೆ ಕಳಿಸಿ ಸುಮ್ಮನಾಗಲಿಲ್ಲ. ಸಂಖ್ಯೆ ಇಳಿದಾಗ ಯಾವ ಕ್ರಮದಲ್ಲಿ ಏನು ನೋಡಬೇಕು ಅನ್ನೋ ತರಬೇತಿಯನ್ನೂ ಅದರ ಜೊತೆಗೇ ಕೊಟ್ಟಿತು. ಮುಂದೆ ಇಥಿಯೋಪಿಯಾದಲ್ಲಿ ಆಪರೇಷನ್ ನಂತರದ ಸೋಂಕು ಕಡಿಮೆ ಮಾಡುವ ಕೆಲಸಕ್ಕೂ ಇಳಿಯಿತು.

ಆದರೆ ಆಕ್ಸಿಮೀಟರಿನ ಬಗ್ಗೆ ಎಂಜಿನಿಯರ್ ಆದವರು ಪ್ರಶ್ನೆ ಕೇಳದೆ ಬಿಡಬಾರದ ಒಂದು ಜಾಗ ಇದೆ. ಅನುಪಾತ ಸಿಕ್ಕಿತು ಸರಿ, ಅದರಿಂದ ಶೇಕಡಾವಾರು ಹೇಗೆ ಬರುತ್ತೆ? ಬಿಯರ್-ಲ್ಯಾಂಬರ್ಟ್ ನಿಯಮದಿಂದ ನೇರವಾಗಿ ಬರಲ್ಲ, ಯಾಕಂದ್ರೆ ಬೆಳಕು ಬೆರಳೊಳಗೆ ಚೆಲ್ಲಾಪಿಲ್ಲಿಯಾಗುತ್ತೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತ ತೆಗೆದು ನಿಜವಾದ ಪ್ರಮಾಣ ಅಳೆದು, ಯಂತ್ರದ ಅನುಪಾತದ ಜೊತೆ ಹೊಂದಿಸಿ ಒಂದು ಟೇಬಲ್ ಮಾಡ್ತಾರೆ. ಯಂತ್ರದೊಳಗಿರೋದು ಆ ಟೇಬಲ್. 70%ಕ್ಕಿಂತ ಕೆಳಗೆ ಸ್ವಯಂಸೇವಕರನ್ನು ಇಳಿಸೋದು ಅಪಾಯ, ಹಾಗಾಗಿ ಅದರ ಕೆಳಗಿನದೆಲ್ಲ ಊಹೆಯ ಗೆರೆ. ಇನ್ನೊಂದು, ಆ ಸ್ವಯಂಸೇವಕರ ಚರ್ಮದ ಬಣ್ಣ ಯಾವುದು? 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಯಂತ್ರ 92ರಿಂದ 96% ಇದೆ ಅಂತ ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88%ಕ್ಕಿಂತ ಕಮ್ಮಿ ಇರುವ ಪ್ರಸಂಗ, ಬಿಳಿಯರಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ತೋಟದಲ್ಲಿ ಬಿಸಿಲಿಗೆ ಕಪ್ಪಾದ ಬೆರಳು ಈ ಟೇಬಲ್ಲಿನ ಯಾವ ಸಾಲಿನಲ್ಲಿದೆ ಅನ್ನೋದು ನಮಗೆ ದೂರದ ಪ್ರಶ್ನೆ ಅಲ್ಲ.

ಅಗ್ಗದ ಪರಿಹಾರ ಅಂದ ಕೂಡಲೇ ಕಳಪೆ ಅಂದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದಕ್ಕೊಂದು ಉತ್ತರ ಪಕ್ಕದ ಮಹಾರಾಷ್ಟ್ರದಿಂದ. ಭಾರತದಲ್ಲಿ 1990ರ ದಶಕದಿಂದ ಗ್ರಾಮೀಣ ಸರ್ಜನ್‌ಗಳ ಸಂಘ ಇದೆ. ಸಣ್ಣ ಊರುಗಳಲ್ಲಿ ಇದ್ದುದರಲ್ಲೇ ಆಪರೇಷನ್ ಮಾಡುವವರು ಸೇರಿ, ತಾವು ಕಂಡುಕೊಂಡ ಉಪಾಯಗಳನ್ನು ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಕೂಟ ಅದು. ಆ ಬಳಗದ, ದೊಂಡಾಯಿಚಾ ಊರಿನ ಡಾ. ಆರ್. ಆರ್. ಟೊಂಗಾಂವ್ಕರ್ ಹರ್ನಿಯಾ ಆಪರೇಷನ್ನಿಗೆ ಸೊಳ್ಳೆಪರದೆಯ ಬಟ್ಟೆ ಬಳಸಿದರು. ಭಾರ ಹೊರುವವರಲ್ಲಿ ಹರ್ನಿಯಾ ಸಾಮಾನ್ಯ, ಹೊಟ್ಟೆಯ ಗೋಡೆ ಸಡಿಲವಾದ ಕಡೆ ಒಂದು ಜಾಲರಿ ಇಟ್ಟು ಹೊಲಿಯಬೇಕು. ಕಂಪನಿಯ ಜಾಲರಿ ದುಬಾರಿ, ಆದರೆ ಮೆಟೀರಿಯಲ್ ಸೈನ್ಸ್ ದೃಷ್ಟಿಯಿಂದ ನೋಡಿದರೆ ಅದು ಪಾಲಿಪ್ರೊಪಿಲೀನ್ ನೂಲಿನ ನೇಯ್ಗೆ. ಕೆಲವು ಸೊಳ್ಳೆಪರದೆಗಳೂ ಅದರ ಹತ್ತಿರದ ಪಾಲಿಮರ್. ಸರಿಯಾದದ್ದನ್ನು ಆರಿಸಿ, ತೊಳೆದು, ಕತ್ತರಿಸಿ ಆಟೋಕ್ಲೇವ್ ಮಾಡಿ ಬಳಸಿದ ಹಲವು ಕೇಂದ್ರಗಳ ಅನುಭವ 2003ರಲ್ಲಿ ಇಂಡಿಯನ್ ಜರ್ನಲ್ ಆಫ್ ಸರ್ಜರಿಯಲ್ಲಿ ಬಂತು. ಜನ ನಕ್ಕರೋ ಏನೋ, ಆದರೆ 2016ರಲ್ಲಿ ಉಗಾಂಡಾದಲ್ಲಿ ಸುಮಾರು 300 ಗಂಡಸರ ಮೇಲೆ ನಡೆದ ಕಟ್ಟುನಿಟ್ಟಾದ ಪ್ರಯೋಗ ಇದನ್ನೇ ಎತ್ತಿಹಿಡಿಯಿತು. ಸೊಳ್ಳೆಪರದೆ ಜಾಲರಿಯ ಬೆಲೆ ಒಂದು ಡಾಲರ್ ಸುಮಾರು, ಕಂಪನಿಯದು ನೂರಕ್ಕೂ ಹೆಚ್ಚು. ಒಂದು ವರ್ಷದ ನಂತರ ಹರ್ನಿಯಾ ಮರಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಂತೆಯ ಯಾವುದೋ ಪರದೆ, ಅದರಲ್ಲೂ ಕೀಟನಾಶಕ ಸವರಿದ್ದು, ಈ ಕೆಲಸಕ್ಕೆ ಬರಲ್ಲ ಅಂತ ಬೇರೆ ಹೇಳಬೇಕಿಲ್ಲ.

ಹ್ಯಾಕಥಾನ್ ಅಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ಪ್ರತಿ ವರ್ಷ ನಾಲ್ಕು ತಂಡ ‘ಸ್ಮಾರ್ಟ್ ಹೆಲ್ತ್’ ಪೆಟ್ಟಿಗೆ ಮಾಡ್ತವೆ. ಒಂದು ಸೆನ್ಸರ್, ಒಂದು ವೈಫೈ ಮಾಡ್ಯೂಲ್, ಒಂದು ಆ್ಯಪ್. ತಪ್ಪೇನಿಲ್ಲ, ನಾವೂ ಮಾಡ್ತೀವಿ. ಆದರೆ ಜಗತ್ತಿನ ಬಡ ಆಸ್ಪತ್ರೆಗಳ ಸ್ಟೋರ್‌ರೂಮ್ ನೋಡಿದವರು ಬೇರೆಯೇ ಕಥೆ ಹೇಳ್ತಾರೆ. 2011ರ ಒಂದು ಅಧ್ಯಯನದ ಪ್ರಕಾರ ಬಡ ದೇಶಗಳ ವೈದ್ಯಕೀಯ ಉಪಕರಣಗಳಲ್ಲಿ ಸುಮಾರು 40% ಕೆಲಸ ಮಾಡ್ತಿಲ್ಲ. ದಾನವಾಗಿ ಬಂದ ಯಂತ್ರಕ್ಕೆ 110 ವೋಲ್ಟ್ ಪ್ಲಗ್, ಕಳೆದುಹೋದ ಮ್ಯಾನ್ಯುಯಲ್, ಸಿಗದ ಫ್ಯೂಸ್. ಇನ್ನೂ ಕುತೂಹಲದ್ದು, ಅದೇ ಸಂಶೋಧಕರ ಬಳಗ 60 ಆಸ್ಪತ್ರೆಗಳ ಸುಮಾರು 2,850 ರಿಪೇರಿ ಕೋರಿಕೆಗಳನ್ನು ಬಿಡಿಸಿ ನೋಡಿದಾಗ ಸಿಕ್ಕ ಉತ್ತರ. ಕೆಟ್ಟ ಯಂತ್ರಗಳಲ್ಲಿ ಮೂರರಲ್ಲಿ ಎರಡು ಭಾಗವನ್ನು ಮತ್ತೆ ನಡೆಸೋಕೆ ಬೇಕಾದ್ದು ನೂರು ಚಿಲ್ಲರೆ ಮೂಲ ಕೌಶಲಗಳು ಮಾತ್ರ. ಪ್ಲಗ್ ಬದಲಾಯಿಸೋದು, ಪವರ್ ಸಪ್ಲೈ ನೋಡೋದು, ಪೈಪು ಸೋರೋದು ನಿಲ್ಲಿಸೋದು, ಮೋಟರ್ ಶುಚಿ ಮಾಡೋದು, ಬಳಸುವವರಿಗೆ ಸರಿಯಾಗಿ ಹೇಳಿಕೊಡೋದು. ಐಟಿಐ ಅಥವಾ ಡಿಪ್ಲೊಮಾ ಮಾಡಿದ ಹುಡುಗ-ಹುಡುಗಿಯರು ಕೆಲವು ತಿಂಗಳಲ್ಲಿ ಕಲಿಯಬಹುದಾದ ಕೆಲಸ. ಶಸ್ತ್ರಚಿಕಿತ್ಸೆಯ ತರಬೇತಿ ಅಂದರೆ ಸರ್ಜನ್‌ಗಳ ತರಬೇತಿ ಅಂತಲೇ ಎಲ್ಲರೂ ಓದಿಕೊಳ್ತಾರೆ. ಈ ಟೆಕ್ನಿಷಿಯನ್‌ಗಳ ತರಬೇತಿಯೂ ಅದರೊಳಗೇ ಬರಬೇಕು ಅನ್ನೋದು ನಮ್ಮ ವಾದ. ಸೀರೀಸ್ ಸರ್ಕ್ಯೂಟಿನಲ್ಲಿ ಈ ಕೊಂಡಿ ಬಿಟ್ಟುಹೋದರೆ ಸರ್ಜನ್ ಇದ್ದೂ ಶಿವಮೊಗ್ಗವೇ ಗತಿ.

ಭಾರತದಲ್ಲಿ ಇದನ್ನು ಗಂಭೀರವಾಗಿ ತಗೊಂಡಿದ್ದು 2015ರ ಸುಮಾರಿಗೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬಯೋಮೆಡಿಕಲ್ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಬಂತು. ಪ್ರತಿ ಯಂತ್ರಕ್ಕೂ ಗುರುತಿನ ಸಂಖ್ಯೆ, ಕೆಟ್ಟರೆ ಕರೆ ಮಾಡೋಕೆ ಒಂದು ನಂಬರ್, ಮತ್ತೆ ಒಪ್ಪಂದದಲ್ಲಿ ಅಪ್‌ಟೈಮ್ ಗುರಿ. ಜಿಲ್ಲಾ ಆಸ್ಪತ್ರೆಗೆ 95%, ಸಮುದಾಯ ಆರೋಗ್ಯ ಕೇಂದ್ರಕ್ಕೆ 90%, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 80%. ಸರ್ವರ್ ನಡೆಸುವವರು 99ರ ಮುಂದೆ ಎಷ್ಟು 9 ಅಂತ ಜಗಳ ಆಡ್ತಾರೆ. ಇಲ್ಲಿ 90% ಅಂದರೆ ಒಂದು ಯಂತ್ರ ವರ್ಷಕ್ಕೆ 36 ದಿನ ನಿಂತಿದ್ದರೂ ಗುರಿ ಮುಟ್ಟಿದ ಹಾಗೆ. 80% ಅಂದರೆ 73 ದಿನ. ಗುರಿಯೇ ಇಲ್ಲದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಆದರೂ ಕೊಯ್ಲಿನ ತಿಂಗಳುಗಳನ್ನು ಪಕ್ಕದಲ್ಲಿಟ್ಟು ಆ 36 ದಿನಗಳನ್ನು ಕ್ಯಾಲೆಂಡರ್ ಮೇಲೆ ಒಮ್ಮೆ ಗುರುತು ಹಾಕಿ ನೋಡಿ.

ನಮ್ಮ ಸಂಘದ ನಾಲ್ಕೈದು ಜನ ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಸಣ್ಣ ಕೆಲಸ ಇಟ್ಟುಕೊಂಡಿದ್ದೀವಿ. ನಮ್ಮ ನಮ್ಮ ಮನೆಯಿಂದ ರಾತ್ರಿ ಹೊತ್ತಿನಲ್ಲಿ, ಬೆಲ್‌ವೆದರ್‌ನ ಮೂರು ಆಪರೇಷನ್ನೂ ಆಗುವ ಹತ್ತಿರದ ಥಿಯೇಟರ್‌ಗೆ ಎಷ್ಟು ನಿಮಿಷ ಅಂತ ಮ್ಯಾಪ್ ಮಾಡೋದು. ತರೀಕೆರೆ ಪೇಟೆಯವರಿಗೆ ಒಂದು ಉತ್ತರ ಬರುತ್ತೆ, ತಣಿಗೆಬೈಲಿನವರಿಗೆ ಇನ್ನೊಂದು, ಮಳೆಗಾಲಕ್ಕೆ ಮೂರನೆಯದು. ನಿಮ್ಮ ಊರು ಯಾವುದೇ ಇರಲಿ, ನೀವೂ ಸೇರಬಹುದು. ಹಳ್ಳಿಯ ಹೆಸರು, ಹೊರಡುವ ಸಮಯ, ವಾಹನ ಯಾವುದು, ಕೊನೆಗೆ ಎಲ್ಲಿಗೆ ಬರೆದುಕೊಡ್ತಾರೆ, ಇಷ್ಟು ಬರೆದು ಸಂಘದ ನೋಟಿಸ್ ಬೋರ್ಡಿನ ಪಕ್ಕದ ಡಬ್ಬಕ್ಕೆ ಹಾಕಿ.